ಕೈಯೊಳಗಣ ಹಾದಿ

ಶಿಕಾರಿಪುರದಿಂದ ಸೊರಬಕ್ಕೆ ಹೊರಟವರು ಬಸ್ಸು ಹತ್ತಿ, ಶಿರಾಳಕೊಪ್ಪದ ಮೇಲೆ ಹಾದು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಊರು ಸೇರಿಬಿಡುವುದು ವಾಡಿಕೆ. ಸೈಕಲ್ ಏರಿದವನಿಗೆ ಈ ಸೀಮೆ ಬೇರೆಯ ರೀತಿಯಲ್ಲಿಯೇ ಕಾಣುತ್ತದೆ. ಅಕ್ಕಮಹಾದೇವಿಯ ಉಡುತಡಿ, ಅಲ್ಲಮಪ್ರಭುಗಳ ಬಳ್ಳಿಗಾವಿ, ಕದಂಬರ ಮೂಲನೆಲೆಯಾದ ತಾಳಗುಂದ, ಇವು ಮೂರೂ ಒಂದು ಹಗಲಿನ ಸವಾರಿಗೆ ದಕ್ಕುವ ಭಾಗ್ಯ ಎಷ್ಟು ಸೀಮೆಗಳಿಗುಂಟು?

ಸರ್ಕಾರವು 2006-07ರಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿದಾಗ ಅದು ಶಾಲೆಯ ದಾರಿಯ ವಾಹನವಷ್ಟೆ. ಇಂದಿನ ತರುಣರು ಸ್ಮಾರ್ಟ್‌ಫೋನನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ಬಿಗಿದು ದೂರದ ಹಾದಿ ಹಿಡಿಯುತ್ತಾರೆ. ಮುನ್ನಾದಿನವೇ ಆ್ಯಪಿನ ನಕಾಶೆಯಲ್ಲಿ ಊರುಗಳನ್ನು ಒಂದರ ಹಿಂದೊಂದು ಗುರುತಿಸಿ, ಹಾದಿಯನ್ನು ಗೆರೆಯಾಗಿಸಿ ಉಳಿಸಿಕೊಳ್ಳುತ್ತಾರೆ. ಆ ಗೆರೆಯೆಂಬುದು ವಸ್ತುತಃ ಅಕ್ಷಾಂಶ ರೇಖಾಂಶಗಳ ಒಂದು ಸರಮಾಲೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳು ತಮ್ಮ ಸಂಕೇತದೊಡನೆ ಅದು ಹೊರಟ ವೇಳೆಯನ್ನೂ ಕಳುಹಿಸುತ್ತವೆ. ತಲಪಲು ಹಿಡಿದ ಕಾಲದಿಂದ ಫೋನು ದೂರವನ್ನು ಗಣಿಸುತ್ತದೆ. ನಾಲ್ಕು ಉಪಗ್ರಹಗಳ ಸಂಕೇತ ದೊರೆತರೆ ಸ್ಥಾನ ನಿಶ್ಚಯವಾಯಿತು. ನಮ್ಮ ದೇಶದ ವ್ಯವಸ್ಥೆಯ ಮೊದಲ ಉಪಗ್ರಹ ನಭಕ್ಕೇರಿದುದು 2013ರಲ್ಲಿ. ಅದಕ್ಕೆ 'ನಾವಿಕ್' ಎಂದು ಹೆಸರು. ಇಂಗ್ಲಿಷ್ ಪದಗಳ ಸಂಕ್ಷೇಪವೇ ಸಂಸ್ಕೃತದ ನಾವಿಕನೂ ಆದದ್ದು ಸೊಗಸಾಗಿದೆ.

ಸ್ಥಾನ ತಿಳಿಯಲು ಇಂಟರ್‌ನೆಟ್ ಬೇಕೇಬೇಕೆಂಬುದು ತಪ್ಪು ಗ್ರಹಿಕೆ. ನಕಾಶೆಯನ್ನು ಮನೆಯಲ್ಲಿಯೇ ಇಳಿಸಿಕೊಂಡಿದ್ದರೆ, ಚಂದ್ರಗುತ್ತಿಯ ಕಾಡಿನ ಮಗ್ಗುಲಲ್ಲಿ ನೆಟ್‌ವರ್ಕ್ ಕೈಬಿಟ್ಟರೂ ಸವಾರನ ಚುಕ್ಕಿ ಗೆರೆಯ ಮೇಲೆ ಸಾಗುತ್ತಲೇ ಇರುತ್ತದೆ. ಸದಾ ಬೆಳಗುವ ಪರದೆ ಬ್ಯಾಟರಿಯನ್ನು ಬೇಗ ಬರಿದು ಮಾಡುವುದರಿಂದ, ತಿರುವುಗಳನ್ನು ಕಿವಿಗೆ ಹೇಳುವಂತೆ ಮಾಡಿ ಪರದೆಯನ್ನು ಆರಿಸುವುದು ಲೇಸು.

ಆದರೆ ನಕಾಶೆಗೆ ಋತುಮಾನ ತಿಳಿಯದು. ತಾಳಗುಂದದಾಚೆ ಸೊರಬದ ಕಡೆಗಿನ ಒಳದಾರಿಗಳಲ್ಲಿ ಡಾಂಬರು ರಸ್ತೆಯೂ ಒಂದು ಗೆರೆ, ಕೆರೆಯೇರಿಯ ಬಂಡಿಜಾಡೂ ಒಂದು ಗೆರೆ. ನೆಲ ಎಂಥದೆಂದು ಯಾರೂ ನಮೂದಿಸದ ಕಡೆ ಆ್ಯಪು ಹತ್ತಿರದ ದಾರಿಯನ್ನೇ ಆರಿಸುತ್ತದೆ. ಆಷಾಢದ ಮಳೆಯಲ್ಲಿ ಆ ಏರಿಯ ಜೇಡಿಮಣ್ಣು ಚಕ್ರವನ್ನು ಕಚ್ಚಿ ಹಿಡಿದರೆ ಗೆರೆಯೇನು ಮಾಡೀತು? ಗದ್ದೆಯಲ್ಲಿ ನಿಂತ ರೈತನನ್ನು "ಅಣ್ಣಾ, ಈ ದಾರಿ ಆದೀತೇ?" ಎಂದು ಕೇಳಬೇಕು. ಕೇಳುವ ಈ ರೂಢಿ ತರುಣರಲ್ಲಿ ಸವೆಯುತ್ತಿರುವುದೇ ಚಿಂತೆಯ ವಿಷಯ. ಗೆರೆ ತಪ್ಪಬಾರದೆಂಬ ಆತುರದಲ್ಲಿ ಪ್ರಣವೇಶ್ವರನ ಗುಡಿಯ ಮುಂದೆಯೂ ಇಳಿಯದೆ ಹೋದವನು, ಕುಬ್ಜಕವಿ ರಚಿಸಿದ ಸ್ತಂಭಶಾಸನವನ್ನು ಕಾಣದೆಯೇ ತಾಳಗುಂದವನ್ನು ದಾಟಿದಂತಾಯಿತು. ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದುದೂ, ಮಯೂರಶರ್ಮ ಗುರುವಿನೊಡನೆ ವಿದ್ಯಾರ್ಜನೆಗಾಗಿ ಕಂಚಿಗೆ ಹೋದುದೂ ಆ ಕಲ್ಲಿನಲ್ಲಿಯೇ ಇವೆ.

ಹೆಸರುಗಳ ಅವಸ್ಥೆ ಇನ್ನೊಂದು. ಇಂಗ್ಲಿಷ್ ಲಿಪಿಯನ್ನೋದುವ ಯಂತ್ರಕಂಠ ತಾಳಗುಂದವನ್ನು 'ಟಲಗುಂಡ'ವಾಗಿಸಿದರೆ ಅಚ್ಚರಿಯಿಲ್ಲ. ಆ ಲಿಪಿಯಲ್ಲಿ ತಕಾರ ಟಕಾರಗಳಿಗೆ ಭೇದವಿಲ್ಲ, ಳಕಾರಕ್ಕೆ ಸ್ಥಳವೇ ಇಲ್ಲ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕಾಶೆಯನ್ನು ಯಾರು ಬೇಕಾದರೂ ತಿದ್ದಬಹುದು. ಕನ್ನಡದ ಹೆಸರಿಗೆ ಅದರಲ್ಲಿ ಪ್ರತ್ಯೇಕ ಸ್ಥಾನವುಂಟು. ಸೈಕಲ್ ಏರಿದ ವಿದ್ಯಾರ್ಥಿಗಳು ಪ್ರತಿಯೊಂದು ಊರಿನ ಕಟ್ಟೆಯ ಬಳಿ ಇಳಿದು, ಅಲ್ಲಿಯ ಹಿರಿಯರು ತಮ್ಮೂರನ್ನು ಹೇಗೆ ಕರೆಯುತ್ತಾರೆಂದು ಕೇಳಿ, ಹಾಗೆಯೇ ಅಲ್ಲಿ ಬರೆದುಬರಬಹುದು.