ಅಡ್ರೆಸ್ ಅಂದ್ರೆ ಯಾವೂರು?

ಊರಿಂದ ಬಂದ ಮೂರನೇ ದಿನಕ್ಕೆ ಅಪ್ಪನಿಗೆ ಜ್ವರ ಶುರುವಾಯ್ತು. ನಮ್ಮದು ಸಾಗರದ ಕಡೆಯ ಹಳ್ಳಿ, ನಾನಿರೋದು ಜೆಪಿ ನಗರದ ಬಾಡಿಗೆ ಮನೆ. ಮಳೆಗಾಲ ಬೇರೆ, ಡೆಂಗಿ ಇರಬೇಕು ಅಂದ್ರು ಪಕ್ಕದ ಮನೆಯವರು. ಆಸ್ಪತ್ರೆ ಫಾರಂನ ಅಡ್ರೆಸ್ ಕಾಲಂನಲ್ಲಿ ಜೆಪಿ ನಗರ ಅಂತ ಬರೆದೆ. ದಾರಿ ತಪ್ಪಿದ್ದು ಅಲ್ಲೇ.

ಡೆಂಗಿ ಇಲ್ಲ, ಮಲೇರಿಯಾ ಇಲ್ಲ, ಟೈಫಾಯ್ಡ್ ಇಲ್ಲ. ಪ್ಲೇಟ್‌ಲೆಟ್ ಮಾತ್ರ ಇಳೀತಾನೇ ಇತ್ತು. ಐದನೇ ದಿನ ಅಪ್ಪನ ಮಣಿಕಟ್ಟು, ಅಂಗೈ, ಅಂಗಾಲಲ್ಲೆಲ್ಲ ಕೆಂಪು ಚುಕ್ಕೆ. ಹೆದರಿ ಜಯನಗರದ ವಯಸ್ಸಾದ ಡಾಕ್ಟರೊಬ್ಬರ ಹತ್ತಿರ ಕರ್ಕೊಂಡು ಹೋದೆ. ಅವರು ಫೈಲು ಪಕ್ಕಕ್ಕಿಟ್ಟು, ಅಪ್ಪನ ಅಂಗೈ ಹಿಡಿದು ನೋಡಿ ಕೇಳಿದ್ರು: "ಯಜಮಾನ್ರೇ, ಊರು ಯಾವುದು? ಮನೇಲಿ ದನ, ನಾಯಿ ಇದಾವಾ?"

ಅಪ್ಪ ಒಮ್ಮೆ ನನ್ನ ಮುಖ ನೋಡಿದ. "ಬರೋ ಮುಂಚೆ ನಾಯಿ ಮೈಯಿಂದ ಉಣುಗು ಕಿತ್ತಿದ್ದೆ. ನಂಗೂ ಸೊಂಟದ ಹತ್ರ ಒಂದು ಕಚ್ಚಿತ್ತು."

"ನಂಗ್ಯಾಕೆ ಹೇಳಲಿಲ್ಲ?"

"ನಿನ್ನ ಮನೆ ಟೈಲ್ಸ್ ಮೇಲೆ ಕೂತ್ಕೊಂಡು ಉಣುಗಿನ ಸುದ್ದಿ ಎಂತಕ್ಕೆ ಮಾರಾಯ?"

ನಂಗೆ ಎದೆ ಧಸಕ್ ಅಂತು. ನಮ್ಮ ಜಿಲ್ಲೆಯವರಿಗೆ ಉಣುಗು ಅಂದ್ರೆ ಮೊದಲು ನೆನಪಾಗೋದೇ 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಮಂಗನ ಕಾಯಿಲೆ. ಡಾಕ್ಟರು ನಕ್ಕರು. "ಅದು ವೈರಸ್ಸು, ಅದನ್ನ ಕೊಲ್ಲೋ ಔಷಧಿ ಇಲ್ಲ. ಇದು ರಿಕೆಟ್ಸಿಯಾ ಅನ್ನೋ ಬ್ಯಾಕ್ಟೀರಿಯಾ ಅನ್ಸತ್ತೆ, ಇದಕ್ಕಿದೆ." ಟೆಸ್ಟಿಗೆ ರಕ್ತ ತಗೊಂಡ್ರು, ಆದ್ರೆ ರಿಪೋರ್ಟಿಗೆ ಕಾಯದೆ ಡಾಕ್ಸಿಸೈಕ್ಲಿನ್ ಶುರು ಮಾಡಿಸಿದ್ರು.

ಯಾಕೆ ಕಾಯಲಿಲ್ಲ ಅಂತ ಆ ರಾತ್ರಿ ಓದ್ತಾ ಕೂತೆ. ಉಣುಗಿನ ಎಂಜಲಿನ ಜೊತೆ ಒಳಗೆ ಬರೋ ರಿಕೆಟ್ಸಿಯಾ, ರಕ್ತನಾಳದ ಒಳಗೋಡೆಯ ಜೀವಕೋಶಗಳಲ್ಲೇ ಮನೆ ಮಾಡತ್ತೆ. ಆ ಕೋಶದ ಆಕ್ಟಿನ್ ಅನ್ನೋ ಪ್ರೋಟೀನನ್ನೇ ಬಾಲದ ಹಾಗೆ ಕಟ್ಕೊಂಡು ಪಕ್ಕದ ಕೋಶಕ್ಕೆ ನುಗ್ಗತ್ತೆ. ಗೋಡೆಯೂ ಸುಮ್ನೆ ಇರಲ್ಲ. ಸೈಟೊಕೈನ್‌ಗಳನ್ನ ಬಿಟ್ಟು ಕೂಗು ಹಾಕತ್ತೆ, ಹರಿದು ಹೋಗೋ ಬಿಳಿ ರಕ್ತಕಣಗಳನ್ನ ಹಿಡಿದು ನಿಲ್ಲಿಸತ್ತೆ. ಅವುಗಳಲ್ಲಿ ಕೆಲವು ಇಂಟರ್‌ಫೆರಾನ್ ಗಾಮಾ ಸುರಿಸಿದಾಗ, ಸೋಂಕು ತಗುಲಿದ ಕೋಶ ತನ್ನೊಳಗಿನ ಕಳ್ಳನನ್ನ ತಾನೇ ಕೊಲ್ಲೋಕೆ ಶುರು ಮಾಡತ್ತೆ. ಆಗದಿದ್ರೆ ಟಿ ಕೋಶಗಳು ಬಂದು ಆ ಕೋಶವನ್ನೇ ಮುಗಿಸ್ತವೆ.

ಆದ್ರೆ ಜಗಳ ನಡೆಯೋದು ಗೋಡೆಯ ಮೇಲೇ ಅಲ್ವಾ? ಕೋಶಗಳ ನಡುವಿನ ಬೆಸುಗೆ ಸಡಿಲವಾಗಿ ರಕ್ತನಾಳ ಸೋರತ್ತೆ. ಚರ್ಮದಲ್ಲಿ ಅದು ಕೆಂಪು ಚುಕ್ಕೆ. ಶ್ವಾಸಕೋಶದಲ್ಲಿ, ಮಿದುಳಲ್ಲಿ ಆದ್ರೆ ಜೀವಕ್ಕೇ ಕುತ್ತು. ರಕ್ತಪರೀಕ್ಷೆ ಹುಡುಕೋ ಆಂಟಿಬಾಡಿ ಹುಟ್ಟೋಕೆ ವಾರ ಬೇಕು. ನಮ್ಮ ಭಾಷೇಲಿ ಹೇಳೋದಾದ್ರೆ ಸರ್ವರ್ ಕುಸೀತಿದೆ, ಲಾಗ್ ಇನ್ನೂ ಬರೆದಿಲ್ಲ. ಲಾಗ್ ಬರಲಿ ಅಂತ ಕಾಯೋ ಹಾಗಿಲ್ಲ. ಪೆನಿಸಿಲಿನ್ ಜಾತಿಯ ಔಷಧಿ ಇಲ್ಲಿ ನಡೆಯಲ್ಲ. ಡಾಕ್ಸಿಸೈಕ್ಲಿನ್ ಕೋಶದ ಒಳಗೇ ಹೋಗಿ ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸೋದನ್ನ ನಿಲ್ಲಿಸತ್ತೆ.

ಎರಡು ದಿನಕ್ಕೆ ಜ್ವರ ಇಳೀತು. ಮೂರನೇ ದಿನ ಅಪ್ಪ ಕಾಫಿಗೆ ಸಕ್ಕರೆ ಕಡಿಮೆ ಅಂತ ಗೊಣಗಿದಾಗ ನಂಗೆ ಅಳು ಬಂದಿತ್ತು.

ನಂಗೆ ಈಗಲೂ ಚುಚ್ಚೋದು ಉಣುಗಲ್ಲ. ಕೊಟ್ಟಿಗೆಯ ಮಾತನ್ನ ಅಪ್ಪ ನನ್ನ ಮನೇಲಿ ಆಡಬಾರದು ಅಂದ್ಕೊಂಡನಲ್ಲ, ಅದು. ಹಾಗೆ ಅನ್ನಿಸೋ ಹಾಗೆ ನಾನು ಯಾವಾಗ ನಡ್ಕೊಂಡೆ?

ನೀವೂ ಊರಿಗೋ ಟ್ರೆಕ್ಕಿಂಗಿಗೋ ಹೋಗಿಬಂದ ಮೇಲೆ ಜ್ವರ ಬಂದ್ರೆ, ಡಾಕ್ಟರು ಕೇಳೋ ತನಕ ಕಾಯಬೇಡಿ, ನೀವೇ ಹೇಳಿ. ನಾನಂತೂ ಈಗ ಅಡ್ರೆಸ್ ಕಾಲಂನಲ್ಲಿ ಜೆಪಿ ನಗರದ ಕೆಳಗೆ ನಮ್ಮೂರ ಹೆಸರನ್ನೂ ಬರೀತೀನಿ. ಜಾಗ ಸಾಲದಿದ್ರೆ ಅಂಚಲ್ಲಿ.