ಉರಿಯುವ ಅಕ್ಷರ

ಸೊರಬ ತಾಲ್ಲೂಕಿನ ಆನವಟ್ಟಿಯಲ್ಲಿ ನಾಮಫಲಕ ಬರೆದೇ ಸಂಸಾರ ತೂಗಿಸಿದ ಹಿರಿಯರೊಬ್ಬರು, ಫ್ಲೆಕ್ಸ್ ಬಂದಂದಿನಿಂದ ಕುಂಚವನ್ನು ಮೂಲೆಗಿಟ್ಟಿದ್ದರು. ಮಗನ ಕಸುಬು ಗಣಕಯಂತ್ರದ್ದು. ಅತ್ತ ಅವರು ತಲೆ ಹಾಕುತ್ತಿರಲಿಲ್ಲ.

ಅಂದು ಕಬಡ್ಡಿ ಪಂದ್ಯದ ಭಿತ್ತಿಪತ್ರಕ್ಕೆ ಉರಿಯುವ ಅಕ್ಷರಗಳು ಬೇಕಾಗಿದ್ದವು. ಮಗನು ಫೋಟೋಶಾಪಿನಲ್ಲಿ ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳನ್ನು ಮೂಡಿಸಿ, ಚಿತ್ರವನ್ನೇ ಮಗ್ಗುಲಿಗೆ ಮಲಗಿಸಿ, ಗಾಳಿ ಬೀಸಿಸಿದನು. 1990ರಲ್ಲಿ ಮೊದಲು ಹೊರಬಂದ ಈ ತಂತ್ರಾಂಶದ ಗಾಳಿ ಎಡಬಲಕ್ಕಲ್ಲದೆ ಮೇಲಕ್ಕೆ ಬೀಸದು. ಮಲಗಿಸುವ ಉಪಾಯ ಅದಕ್ಕಾಗಿಯೇ! ಮತ್ತೆ ಎಬ್ಬಿಸಿ ನಿಲ್ಲಿಸಿ, ಮಸುಕುಗೊಳಿಸಿ, ಅಲೆಯೆಬ್ಬಿಸಿ, ಬುಡಕ್ಕೆ ಹಳದಿ, ತುದಿಗೆ ಕೆಂಪು ಬಣ್ಣವೇರಿಸಿದನು. ಬೆಂಕಿ ಧಗಧಗಿಸಿತು.

“ಬೆಂಕಿಯೇನೋ ಸೊಗಸಾಗಿದೆ. ಕಬಡ್ಡಿ ಎಲ್ಲಿ ಹೋಯಿತೋ?” ಎಂದರು, ಎಂದೋ ಬಂದು ಬೆನ್ನ ಹಿಂದೆ ನಿಂತಿದ್ದ ತಂದೆ.

ಇಂಗ್ಲಿಷ್ ಅಕ್ಷರದ ನೆತ್ತಿ ಸುಟ್ಟರೂ ಗುರುತು ಸಿಕ್ಕೀತು. ಕನ್ನಡಕ್ಕೆ ತಲೆಕಟ್ಟೂ ನೆತ್ತಿಯಲ್ಲೇ, ಗುಡಿಸೂ ನೆತ್ತಿಯಲ್ಲೇ. ಸಾಲದುದಕ್ಕೆ ಕೆಳಗಿನ ಒತ್ತಕ್ಷರದ ಜ್ವಾಲೆ ಮೇಲಿನ ‘ಡಿ’ಯನ್ನು ನುಂಗಿತ್ತು.

“ಉರಿಯನ್ನು ಅಕ್ಷರದ ಬೆನ್ನಿಗೆ ಹಚ್ಚು, ಮುಖಕ್ಕಲ್ಲ.”

ಮಗನು ಉರಿಯ ಪದರದ ಮೇಲೆ ಅಕ್ಷರಗಳ ಇನ್ನೊಂದು ಪ್ರತಿಯನ್ನಿಟ್ಟನು. ‘ಕಬಡ್ಡಿ’ ಎದ್ದು ಕಂಡಿತು. ಒತ್ತಿನ ಜ್ವಾಲೆಯನ್ನಷ್ಟೇ ತಗ್ಗಿಸಬೇಕಿತ್ತು. ಅವನು ಎದ್ದು ಕುರ್ಚಿ ಬಿಟ್ಟುಕೊಟ್ಟನು. ಹಿರಿಯರು ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಮೌಸ್ ಹಿಡಿದರು.