ಹಳೆಯ ಗಡಿಯಾರದ ಹೊಸ ಹುಚ್ಚು

ಮನುಷ್ಯನಿಗೆ ಹುಚ್ಚು ಹಿಡಿಯಲು ಇಂಥದೇ ವಯಸ್ಸು ಎಂಬ ನಿಯಮವಿಲ್ಲ. ಅಂಚೆ ಚೀಟಿಯ ಹುಚ್ಚು ಹತ್ತನೆಯ ವಯಸ್ಸಿನಲ್ಲಿ ಹಿಡಿದು ಹದಿನಾರಕ್ಕೆ ಬಿಟ್ಟುಹೋಗುತ್ತದೆ. ನಾಟಕದ ಹುಚ್ಚು ಕಾಲೇಜಿನಲ್ಲಿ ಹಿಡಿದು ಮದುವೆಯೊಡನೆ ಇಳಿಯುತ್ತದೆ. ಮನೆ ಕಟ್ಟಿಸುವ ಹುಚ್ಚಾದರೋ ನಲವತ್ತರಲ್ಲಿ ಹಿಡಿದದ್ದು ಸಾಲ ತೀರುವವರೆಗೂ ಬಿಡುವುದಿಲ್ಲ. ನನಗೆ ಹಳೆಯ ಕೈಗಡಿಯಾರದ ಹುಚ್ಚು ಹಿಡಿದದ್ದು ಅರವತ್ತರಲ್ಲಿ, ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ. ಯಾವ ಹೊತ್ತಿಗೂ ಎಲ್ಲಿಗೂ ಹೋಗಬೇಕಾಗಿಲ್ಲದವನಿಗೆ ಇನ್ನು ಗಡಿಯಾರವೇಕೆ ಎಂದು ಮಿತ್ರರು ನಕ್ಕರು. ಅವರು ನಕ್ಕದ್ದರಲ್ಲಿ ತಪ್ಪಿಲ್ಲ. ಹೊತ್ತು ತಿಳಿಯಬೇಕಾದವನಿಗೆ ಜೇಬಿನಲ್ಲಿ ಮೊಬೈಲು ಇದೆ. ಅದು ಸೆಕೆಂಡಿನ ಲೆಕ್ಕವನ್ನೂ ತಪ್ಪದೆ ಹೇಳುತ್ತದೆ. ಈ ಕಾಲದಲ್ಲಿ ತನ್ನಷ್ಟೇ ವಯಸ್ಸಾದ ಗಡಿಯಾರವನ್ನು ಹುಡುಕಿಕೊಂಡು ಹೋಗುವವನು ಹೊತ್ತು ನೋಡಲು ಹೋಗುವುದಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಮೇಲು.

ಮತ್ತೇಕೆ ಹೋಗುತ್ತಾನೆ? ಒಳ್ಳೆಯ ಸ್ವಿಸ್ ಗಡಿಯಾರವೊಂದರ ಹಿಂಬದಿಯ ಮುಚ್ಚಳವನ್ನು ಒಮ್ಮೆ ತೆಗೆಸಿ ನೋಡಿದವರು ಈ ಪ್ರಶ್ನೆಯನ್ನು ಕೇಳಲಾರರು. ತಾಮ್ರದ ಹೊಳಪಿನ ಫಲಕಗಳ ನಡುವೆ, ಅಂಗಿಯ ಗುಂಡಿಯಷ್ಟು ಅಗಲದ ಒಂದು ಚಕ್ರ ಅತ್ತಿತ್ತ ತುಯ್ದಾಡುತ್ತಿರುತ್ತದೆ. ಅದರ ಮಿಡಿತ ಗಂಟೆಗೆ 19,800, ದಿನಕ್ಕೆ 4,75,200. ಅದನ್ನು ಹಿಡಿತದಲ್ಲಿಟ್ಟಿರುವುದು ಕೂದಲೆಳೆಯಂಥ ಒಂದು ಉಕ್ಕಿನ ಸುರುಳಿ. ತೊಟ್ಟವರ ಕೈ ಆಡಿದಂತೆಲ್ಲ ಅರ್ಧಚಂದ್ರಾಕಾರದ ಲೋಹದ ತುಣುಕೊಂದು ಒಳಗೆ ತಿರುಗುತ್ತ ತಾನಾಗಿ ಕೀ ಕೊಟ್ಟುಕೊಳ್ಳುತ್ತದೆ. ಬ್ಯಾಟರಿಯಿಲ್ಲ, ವಿದ್ಯುತ್ತಿಲ್ಲ. 1969ನೆಯ ಡಿಸೆಂಬರ್ 25ರಂದು ಜಪಾನಿನ ಸೈಕೋ ಕಂಪೆನಿಯವರು ಟೋಕಿಯೋದಲ್ಲಿ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟರು. ಆಗ ಅದರ ಬೆಲೆ ಒಂದು ಚಿಕ್ಕ ಮೋಟಾರು ಕಾರಿನಷ್ಟಿತ್ತು. ಹದಿನೈದು ವರ್ಷ ಕಳೆಯುವುದರೊಳಗೆ ಕ್ವಾರ್ಟ್ಸ್ ಗಡಿಯಾರ ಬೀದಿಯ ಬದಿಯಲ್ಲಿ ರಾಶಿ ಬಿದ್ದಿತು. ಸ್ವಿಟ್ಜರ್ಲೆಂಡಿನಲ್ಲಿ 1970ರ ಸುಮಾರಿಗೆ 90,000 ಮಂದಿಗೆ ಅನ್ನ ಕೊಡುತ್ತಿದ್ದ ಗಡಿಯಾರದ ಕಸುಬು ಅದರ ಮೂರನೆಯ ಒಂದು ಪಾಲಿಗೆ ಇಳಿದುಹೋಯಿತು. ಆ ಬಿರುಗಾಳಿಗೆ ಮುಂಚೆ, ಕಬ್ಬಿಣದ ಪೆಟ್ಟಿಗೆಯಲ್ಲಿಡುವುದಕ್ಕಲ್ಲ, ಕೈಗೆ ಕಟ್ಟಿಕೊಂಡು ಕಚೇರಿಗೆ ಹೋಗುವುದಕ್ಕೆಂದೇ ಮಾಡಿದ ಉತ್ತಮ ಗಡಿಯಾರಗಳು ಇಂದಿಗೂ ಸಿಕ್ಕುತ್ತವೆ. ಮಧ್ಯಮ ವರ್ಗದವನು ಮನಸ್ಸು ಮಾಡಿದರೆ ಎಟಕುವ ಬೆಲೆಗೂ ಸಿಕ್ಕುತ್ತವೆ.

ವರಾನ್ವೇಷಣೆಗೆ ಹೊರಟ ಹೆಣ್ಣಿನ ತಂದೆಯಂತೆ ಆರು ತಿಂಗಳು ಅಲೆದೆ. ರೋಲೆಕ್ಸ್ ಮನೆತನದ ಹೆಸರು ದೊಡ್ಡದು, ಕೇಳುವ ವರದಕ್ಷಿಣೆಯೂ ದೊಡ್ಡದು. ನಮಸ್ಕಾರ ಹೇಳಿ ಹೊರಬಂದೆ. ರಿವರ್ಸೊ ಎಂಬುದರ ಮೇಲೆ ಕೆಲವು ದಿನ ಮನಸ್ಸು ಹೋಗಿತ್ತು. ಭಾರತದಲ್ಲಿ ಪೋಲೋ ಆಡುತ್ತಿದ್ದ ಇಂಗ್ಲಿಷ್ ಅಧಿಕಾರಿಗಳ ಗಡಿಯಾರದ ಗಾಜು ಪದೇ ಪದೇ ಒಡೆಯುತ್ತಿದ್ದುದರಿಂದ, ಮುಖವನ್ನೇ ಮಗುಚಿ ಬೆನ್ನು ತೋರಿಸುವಂತೆ 1931ರಲ್ಲಿ ಮಾಡಿದ ಗಡಿಯಾರವದು. ಕಥೆಯೇನೋ ಚೆನ್ನಾಗಿದೆ, ಆದರೆ ಪೋಲೋ ಆಡದ ನನಗೆ ಅದು ಒಗ್ಗೀತೇ? ಕಡೆಗೆ ಕಣ್ಣು ನಿಂತದ್ದು ಒಮೇಗಾದವರ ಕಾನ್‌ಸ್ಟಲೇಷನ್ ಮೇಲೆ. 1848ರಲ್ಲಿ ಲೂಯಿ ಬ್ರಾಂಟ್ ಎಂಬಾತ ಆರಂಭಿಸಿದ ಆ ಮನೆತನ 1952ರಲ್ಲಿ ಹೊರತಂದ ಗಡಿಯಾರ ಇದು. ಅಂಚು ಇಳಿಜಾರಾದ ತಟ್ಟೆಯನ್ನು ಬೋರಲು ಹಾಕಿದಂತೆ ಹನ್ನೆರಡು ಮಗ್ಗುಲಿನ ಮುಖ. ಆರು ಗಂಟೆಯ ಗುರುತಿನ ಮೇಲೊಂದು ಚಿಕ್ಕ ನಕ್ಷತ್ರ. ಬೆನ್ನಿನ ಮೇಲೆ ಎಂಟು ನಕ್ಷತ್ರಗಳ ಕೆಳಗೆ ಒಂದು ವೀಕ್ಷಣಾಲಯದ ಚಿತ್ರ. ವೀಕ್ಷಣಾಲಯಗಳು ನಡೆಸುತ್ತಿದ್ದ ನಿಖರತೆಯ ಪರೀಕ್ಷೆಗಳಲ್ಲಿ ಗೆದ್ದ ನೆನಪಿಗಾಗಿ ಆ ಗುರುತು. ನನ್ನ ಮಟ್ಟಿಗೆ ಅದಕ್ಕಿಂತ ಹೆಚ್ಚಿನ ಗುಣವೆಂದರೆ ಅದರ ಗಾತ್ರ: ಒಂದೂವರೆ ಅಂಗುಲವೂ ಇಲ್ಲ. ಈಗಿನ ಹುಡುಗರು ಕಟ್ಟುವ ಗಡಿಯಾರಗಳನ್ನು ಕಂಡರೆ ಮಣಿಕಟ್ಟಿನ ಮೇಲೆ ಒಬ್ಬಟ್ಟು ಇಟ್ಟುಕೊಂಡಂತೆ ತೋರುತ್ತದೆ.

ನಿವೃತ್ತಿಯ ಹಣದಲ್ಲಿ ಮಾಡಬೇಕಾದದ್ದನ್ನೆಲ್ಲ ಮಾಡಿ, ಒಂದು ಹೊಸ ಸ್ಕೂಟರಿನ ಬೆಲೆಯಷ್ಟನ್ನು ಇದಕ್ಕೆಂದು ತೆಗೆದಿರಿಸಿದೆ. ಅಷ್ಟೇ ಮೊತ್ತವನ್ನು ನಮ್ಮ ಮನೆಯಾಕೆಯ ಹೆಸರಿಗೂ ಹಾಕಿದೆ. ಆಕೆ ಪಾಸ್‌ಬುಕ್ಕನ್ನು ನೋಡಿ ಮೇಜಿನ ಮೇಲಿಟ್ಟಳು. ಅನಂತರ ನನ್ನ ಎಡಗೈಯನ್ನು ನೋಡಿದಳು.

“ನಮ್ಮ ತಂದೆ ಕೊಟ್ಟದ್ದು ನಿಂತುಹೋಗಿದೆಯೇ?”

“ಇಲ್ಲವಲ್ಲ, ನಡೆಯುತ್ತಿದೆ.”

“ಮತ್ತೆ?”

ಆ “ಮತ್ತೆ”ಗೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಮದುವೆಯಾದದ್ದು 1988ರಲ್ಲಿ. ಅಳಿಯನಿಗೆ ವಾಚು, ಉಂಗುರ, ಸೂಟು ಎಂಬ ಮೂರು ಮಾತು ಆ ಕಾಲದ ಮದುವೆಯ ಮಾತುಕತೆಯಲ್ಲಿ ಬಾರದೆ ಇರುತ್ತಿರಲಿಲ್ಲ. ಕೇಳದವರಿಗೂ ಕೊಡುವುದೇ ಮರ್ಯಾದೆ ಎನಿಸಿತ್ತು. ಹಾಸನದ ಕಡೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದ ನನ್ನ ಮಾವನವರು ಯಾರಿಂದಲೋ ಕೈಗಡ ತಂದು, ಎಚ್.ಎಂ.ಟಿ. ಜನತಾ ಗಡಿಯಾರವನ್ನು ಕೊಂಡು, ವರಪೂಜೆಯ ರಾತ್ರಿ ತಾವೇ ನನ್ನ ಕೈಗೆ ಕಟ್ಟಿದರು. ಆ ಸಾಲವನ್ನು ಅವರು ತೀರಿಸಿದ್ದು ಎರಡು ವರ್ಷಕ್ಕೆ ಎಂಬುದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಎಚ್.ಎಂ.ಟಿ.ಯವರು ಸಿಟಿಜನ್ ಕಂಪೆನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಗಡಿಯಾರ ಮಾಡತೊಡಗಿದ್ದು 1961ರಲ್ಲಿ. ಗಡಿಯಾರದ ಆ ಶಾಖೆಯನ್ನು ಮುಚ್ಚುವ ತೀರ್ಮಾನವಾದದ್ದು 2016ರಲ್ಲಿ. ಕಾರ್ಖಾನೆ ನಿಂತಿತು, ಕೊಟ್ಟವರೂ ಹೋದರು. ದಿನಕ್ಕೊಮ್ಮೆ ಕೀ ಕೊಟ್ಟರೆ ಗಡಿಯಾರ ಮಾತ್ರ ನಡೆಯುತ್ತಲೇ ಇದೆ. ಅದನ್ನು ಕಳಚಿಟ್ಟು ಸ್ವಿಸ್ ಗಡಿಯಾರ ಕಟ್ಟುವುದೆಂದರೆ ಆಕೆಗೆ ಹೇಗೆ ಕಂಡೀತು? ಆ ಮಾತನ್ನು ಇಬ್ಬರೂ ಅಲ್ಲಿಗೇ ಬಿಟ್ಟೆವು.

ಈ ನಡುವೆ ನನ್ನ ವಿದ್ಯಾಭ್ಯಾಸ ಸಾಗಿತ್ತು. ಹೆಸರನ್ನು ನೋಡಿ ಕೊಳ್ಳಬೇಡ, ಮುಖವನ್ನು ನೋಡಿ ಕೊಳ್ಳು ಎಂಬುದೇ ಈ ವಿದ್ಯೆಯ ಮೊದಲ ಪಾಠ. ಒಳಗಿನ ಯಂತ್ರ ಕೆಟ್ಟಿದ್ದರೆ ಸರಿಮಾಡಿಸಬಹುದು; ಗಾಜು ಒಡೆದಿದ್ದರೆ ಬದಲಾಯಿಸಬಹುದು; ಬೆಲ್ಟಿನ ಮಾತಂತೂ ಬಿಡಿ. ಮುಖದ ಮೇಲಿನ ಬಣ್ಣವನ್ನು ಕೆರೆದು ಹೊಸದಾಗಿ ಬಳಿದರೆ ಮಾತ್ರ ಹೋದದ್ದು ಹೋದಂತೆಯೇ. ನಮ್ಮ ಹಳೆಯ ಕಲ್ಲಿನ ದೇವಸ್ಥಾನಗಳಿಗೆ ಧರ್ಮದರ್ಶಿಗಳು ಭಕ್ತಿಯಿಂದ ಸುಣ್ಣ ಹೊಡೆಸಿದ್ದನ್ನೂ, ವಿಗ್ರಹಗಳಿಗೆ ಎಣ್ಣೆಯ ಬಣ್ಣ ಬಳಿಸಿದ್ದನ್ನೂ ವಾಚಕರು ಕಂಡಿರಬಹುದು. ಕುಸುರಿಯೆಲ್ಲ ಮುಚ್ಚಿಹೋಗಿ ಗೊಂಬೆಗಳ ಮೂಗು ದಪ್ಪವಾಗುತ್ತದೆ. ಗಡಿಯಾರದ ಮುಖಕ್ಕೂ ಅದೇ ಗತಿ. ನಮ್ಮ ದೇಶದಲ್ಲಿ ಹೀಗೆ ಮುಖ ಬದಲಾಯಿಸಿಕೊಂಡ ಗಡಿಯಾರಗಳು ಎಷ್ಟೊಂದಿವೆಯೆಂದರೆ, ಹೊರದೇಶದ ಸಂಗ್ರಾಹಕರು ಅವಕ್ಕೆ “ಮುಂಬಯಿ ಸ್ಪೆಷಲ್” ಎಂದು ಹೆಸರಿಟ್ಟು ನಗುತ್ತಾರೆ. ಅವರು ನಗುವಷ್ಟು ಸುಲಭವಾಗಿ ನಾನು ನಗಲಾರೆ. ವಿದೇಶೀ ಗಡಿಯಾರಗಳ ಆಮದಿಗೆ ನಿರ್ಬಂಧವಿದ್ದ ದಶಕಗಳಲ್ಲಿ, ಸ್ವಿಟ್ಜರ್ಲೆಂಡಿನಿಂದ ಹೊಸ ಡಯಲ್ ತರಿಸುವ ಅನುಕೂಲ ಎಷ್ಟು ಮಂದಿಗಿತ್ತು? ಕಡಲತೀರದ ತೇವಕ್ಕೆ ಮುಖ ಕಪ್ಪಿಟ್ಟ ಗಡಿಯಾರವನ್ನು ಮಗಳ ಮದುವೆಯ ಹೊತ್ತಿಗೆ ಥಳಥಳಿಸುವಂತೆ ಮಾಡಿಕೊಡಿ ಎಂದು ಒಡೆಯನೇ ಕೇಳಿದರೆ, ಬಣ್ಣದವನು ಬಳಿದುಕೊಟ್ಟ. ಅಂದಿಗೆ ಅದು ದುರಸ್ತಿ. ಅದನ್ನೇ ಇಂದು ಮೂಲವೆಂದು ಹೇಳಿ ಮಾರುವುದು ವಂಚನೆ.

ಗುರುತು ಹಿಡಿಯುವುದಕ್ಕೆ ಒಂದು ಭೂತಗನ್ನಡಿಯೂ ಸ್ವಲ್ಪ ತಾಳ್ಮೆಯೂ ಸಾಕು. ಕಾರ್ಖಾನೆಯಲ್ಲಿ ಅಚ್ಚಾದ ಅಕ್ಷರ ಎಷ್ಟು ಹಿಗ್ಗಿಸಿದರೂ ಅಂಚು ಚೂಪಾಗಿಯೇ ಕಾಣುತ್ತದೆ. ಕೈಯಿಂದ ತಿದ್ದಿದ್ದು ಮಳೆಯಲ್ಲಿ ನೆನೆದ ಕಾಗದದ ಬರಹದಂತೆ ಹರಡಿಕೊಂಡಿರುತ್ತದೆ. ನಿಮಿಷದ ಗೆರೆಗಳ ನಡುವಿನ ಅಂತರ ಎಲ್ಲ ಕಡೆಗೂ ಒಂದೇ ಸಮನಾಗಿರಬೇಕು. ಕತ್ತಲಲ್ಲಿ ಹೊಳೆಯುವ ಗುರುತುಗಳಿದ್ದರಂತೂ ಇನ್ನೂ ಸುಲಭ. 1960ರ ದಶಕದಲ್ಲಿ ರೇಡಿಯಮ್ಮಿಗೆ ಬದಲಾಗಿ ಬಳಕೆಗೆ ಬಂದ ಟ್ರಿಟಿಯಮ್ಮಿನ ಶಕ್ತಿ ಹನ್ನೆರಡು ವರ್ಷಕ್ಕೆಲ್ಲ ಅರ್ಧವಾಗುತ್ತದೆ. ಆ ಕಾಲದ ಗಡಿಯಾರ ಇಂದು ರಾತ್ರಿಯೆಲ್ಲ ಹಸಿರಾಗಿ ಹೊಳೆಯಿತೆಂದರೆ ಯಾರೋ ಮೊನ್ನೆ ಮೊನ್ನೆ ಹಚ್ಚಿದ್ದಾರೆಂದೇ ಅರ್ಥ. ಇನ್ನು ಹೊರಗಿನ ಉಕ್ಕಿನ ಕವಚ. ಬೆಲ್ಟು ಸಿಕ್ಕಿಸುವ ಕೊಂಬುಗಳ ಅಂಚು ಬೆರಳಿಗೆ ತಾಕುವಂತಿರಬೇಕು. ಉಜ್ಜಿ ಉಜ್ಜಿ ಮೆರುಗು ಕೊಟ್ಟದ್ದಾದರೆ ಬಾಯಲ್ಲಿಟ್ಟು ಚೀಪಿದ ಪೆಪ್ಪರ್‌ಮಿಂಟಿನಂತೆ ನುಣ್ಣಗಾಗಿರುತ್ತದೆ. ಒಮೇಗಾದ ಮೂಲ ಗಾಜಿನ ನಡುವೆ ಕಣ್ಣಿಗೆ ಕಾಣಿಸಿಯೂ ಕಾಣಿಸದಷ್ಟು ಚಿಕ್ಕದಾಗಿ ಕಂಪೆನಿಯ ಗುರುತು ಇರುತ್ತದೆ. ಅದು ಇಲ್ಲದಿದ್ದರೆ ಕಳವಳಪಡಬೇಕಾಗಿಲ್ಲ. ಗಾಜು ಎಂದಿದ್ದರೂ ಬದಲಾಗುವ ವಸ್ತು.

ಒಂದು ಶನಿವಾರ ನಗರದ ಅಂಗಡಿಯೊಂದರಲ್ಲಿ ಎರಡು ಕಾನ್‌ಸ್ಟಲೇಷನ್ ಬಂದಿವೆಯೆಂದು ಸುದ್ದಿ ಬಂದಿತು. “ನಾನೂ ಬರುತ್ತೇನೆ” ಎಂದಳು ಮನೆಯಾಕೆ. ಬರುವಳೆಂದು ನಾನು ಎಣಿಸಿರಲಿಲ್ಲ. ಅಂಗಡಿಯವರು ಮಖಮಲ್ಲಿನ ಮೇಲೆ ಎರಡನ್ನೂ ಇಟ್ಟರು. ಒಂದರದು ಕಾಡಿಗೆಯಂಥ ಕಪ್ಪು ಮುಖ; ಬೆಳಕು ಬಿದ್ದರೆ ಕನ್ನಡಿ. ಇನ್ನೊಂದರದು ಒಂದು ಕಾಲಕ್ಕೆ ಬೆಳ್ಳಗಿದ್ದು ಈಗ ಕಾಯಿಸಿ ಕೆನೆಗಟ್ಟಿದ ಹಾಲಿನ ಬಣ್ಣಕ್ಕೆ ತಿರುಗಿತ್ತು. ಹತ್ತರ ಗುರುತಿನ ಬಳಿ ಸಾಸಿವೆಯ ಸಿಪ್ಪೆಯಷ್ಟು ಎರಡು ಕಲೆ. ಕಪ್ಪು ಮುಖದವು ಅಪರೂಪ, ಇದು ಕಾರ್ಖಾನೆಯಿಂದ ಬಂದಂತೆಯೇ ಇದೆ, ಆದ್ದರಿಂದ ಬೆಲೆ ಹೆಚ್ಚು ಎಂದರು. ಅಪರೂಪವೆಂಬುದೇನೋ ನಿಜ. ನಾನು ಭೂತಗನ್ನಡಿಯನ್ನು ಜೇಬಿನಿಂದ ತೆಗೆಯುತ್ತಿದ್ದೆ. ಅಷ್ಟರಲ್ಲಿ ಆಕೆ ಕನ್ನಡಕವನ್ನು ಹಣೆಗೇರಿಸಿ, ಕಪ್ಪು ಗಡಿಯಾರವನ್ನು ಕಣ್ಣಿನ ಹತ್ತಿರಕ್ಕೆ ತಂದು ನೋಡಿ, “ಇಲ್ಲಿ ಚುಕ್ಕಿ ತಪ್ಪಿದೆಯಲ್ಲ!” ಎಂದಳು.

ಐವತ್ತು ವರ್ಷದಿಂದ ದಿನವೂ ಬೆಳಗಾಗೆದ್ದು ರಂಗೋಲಿ ಇಟ್ಟ ಕಣ್ಣು. ಕನ್ನಡಿ ಹಿಡಿದು ನೋಡಿದೆ. ನಾಲ್ಕರಿಂದ ಏಳರವರೆಗಿನ ನಿಮಿಷದ ಗೆರೆಗಳು ಒಂದು ಕಡೆ ಒತ್ತಾಗಿ ಒಂದು ಕಡೆ ತೆಳುವಾಗಿ ಬಿದ್ದಿದ್ದವು. ಆರರ ಗುರುತಿನ ಎಡಬಲಕ್ಕೆ ಸಮವಾಗಿರಬೇಕಾದ “ಸ್ವಿಸ್ ಮೇಡ್” ಎಂಬುದು ಎಡಕ್ಕೆ ಜರುಗಿತ್ತು. ಅಂಗಡಿಯವರು ಒಂದು ಕ್ಷಣ ಸುಮ್ಮನಿದ್ದು, “ನನಗೆ ಹೀಗೆಯೇ ಬಂದದ್ದು ತಾಯಿ” ಎಂದರು. ಇರಬಹುದು. ಮಾತು ಬದಲಿಸಲೆಂದೋ ಏನೋ ನನ್ನ ಕೈಯತ್ತ ನೋಡಿ, “ಈ ಜನತಾಕ್ಕೂ ಈಗ ಗಿರಾಕಿಗಳಿದ್ದಾರೆ ಸಾರ್. ಇದನ್ನು ಇಲ್ಲೇ ಬಿಟ್ಟುಹೋಗಿ, ಬೆಲೆಯಲ್ಲಿ ಕಳೆದುಕೊಳ್ಳೋಣ” ಎಂದರು. ಆಕೆ ಬೀದಿಯ ಕಡೆಗೆ ಮುಖ ತಿರುಗಿಸಿದಳು. “ಅದು ಮಾರುವುದಲ್ಲ” ಎಂದೆ. ಮಾಸಿದ ಮುಖದ ಗಡಿಯಾರವನ್ನು, ಒಳಗನ್ನು ತೋರಿಸಿ ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸುವ ಕರಾರಿನ ಮೇಲೆ ಮುಂಗಡ ಕೊಟ್ಟು ತಂದೆವು. ಇಂಥ ಕರಾರಿಗೆ ಒಪ್ಪದವರ ಬಳಿ ಹಳೆಯ ಗಡಿಯಾರ ಕೊಳ್ಳಬಾರದು.

ಅವೆನ್ಯೂ ರಸ್ತೆಯ ಸಂದಿಯೊಂದರಲ್ಲಿ ಗಡಿಯಾರ ರಿಪೇರಿ ಮಾಡುವ ವೃದ್ಧ ಸಾಹೇಬರೊಬ್ಬರಿದ್ದಾರೆ. ಮುಚ್ಚಳ ತೆಗೆದು, ಕಣ್ಣಿಗೆ ಕನ್ನಡಿ ಸಿಕ್ಕಿಸಿಕೊಂಡು, ಬಹಳ ಹೊತ್ತು ನೋಡಿದರು. ಯಂತ್ರದ ಸಂಖ್ಯೆ 551, ಕಲ್ಲುಗಳು 24, ಎರಡು ಕೋಟಿಯ ಆಸುಪಾಸಿನ ಕ್ರಮಾಂಕ, ಅಂದರೆ 1963ರ ಸುಮಾರಿನದು. ನನಗಿಂತ ಒಂದು ವರ್ಷ ಚಿಕ್ಕದು. ಎಣ್ಣೆ ಒಣಗಿದೆ, ಬಿಚ್ಚಿ ತೊಳೆಯಬೇಕು, ಮತ್ತೇನೂ ದೋಷವಿಲ್ಲ ಎಂದರು. ಮುಚ್ಚಳದ ಒಳಮೈಯನ್ನು ಬೆಳಕಿಗೆ ಹಿಡಿದು ತೋರಿಸಿದರು: ಸೂಜಿಯ ಮೊನೆಯಿಂದ ಗೀಚಿದ ಸಣ್ಣ ಸಣ್ಣ ಅಂಕಿಗಳು. ರಿಪೇರಿ ಮಾಡಿದವರು ತಾರೀಖು ಗೀಚಿಡುವುದು ಈ ಕಸುಬಿನ ರೂಢಿಯಂತೆ. 1971, 1978, 1986. ಮೂರು ಬೇರೆ ಬೇರೆ ಕೈ. ಯಾವ ಊರಿನವರೋ, ಯಾವ ಬೀದಿಯವರೋ. ಆಮೇಲೆ ಅವರು ನನ್ನ ಎಡಗೈಯತ್ತ ಕೈಚಾಚಿ, “ಅದನ್ನೂ ಕೊಡಿ” ಎಂದರು. ಜನತಾದ ಮುಖವನ್ನು ಅಷ್ಟೇ ಹೊತ್ತು ನೋಡಿ, ನನಗಲ್ಲ, ಆಕೆಗೆ ಹೇಳಿದರು: “ಇದರ ಮುಖವನ್ನೂ ಯಾರೂ ಮುಟ್ಟಿಲ್ಲ ಅಮ್ಮ. ಹೀಗೆಯೇ ಇರಲಿ.”

ಎರಡನ್ನೂ ಒಟ್ಟಿಗೆ ಬಿಚ್ಚಿ ತೊಳೆದು ಎಣ್ಣೆ ಹಾಕಿ, ಎರಡರ ಮುಚ್ಚಳದೊಳಗೂ ತಾರೀಖು ಗೀಚಿ, ಹದಿನೈದು ದಿನಕ್ಕೆ ಕೊಟ್ಟರು. ನೀರು ಸೋಕಿಸಬೇಡಿ, ಮಳೆಯಲ್ಲಿ ಕಟ್ಟಬೇಡಿ, ಐದು ವರ್ಷಕ್ಕೊಮ್ಮೆ ತನ್ನಿ ಎಂದರು. ಐದು ವರ್ಷದ ಮೇಲೆ ತಾವು ಆ ಸ್ಟೂಲಿನ ಮೇಲೆ ಇರುತ್ತೇನೋ ಇಲ್ಲವೋ ಎಂಬುದನ್ನೂ ನಗುತ್ತಲೇ ಸೇರಿಸಿದರು. ಅವರ ಮಗ ಮೊಬೈಲು ರಿಪೇರಿ ಕಲಿತಿದ್ದಾನೆ. ಗಡಿಯಾರ ಕೊಳ್ಳುವ ಮುನ್ನ ರಿಪೇರಿಯವರನ್ನು ಹುಡುಕಿಕೊಳ್ಳಿ ಎಂದು ಹೊಸಬರಿಗೆ ನಾನು ಹೇಳುವುದು ಅಂದಿನಿಂದ.

ಮನೆಗೆ ಬಂದು ಒಮೇಗಾವನ್ನು ಕಟ್ಟಿಕೊಂಡೆ. ಜನತಾವನ್ನು ಬೀರುವಿನಲ್ಲಿಡಲು ಹೋದಾಗ ಆಕೆ ಕೈನೀಡಿದಳು. “ಅದು ನನಗಿರಲಿ” ಎಂದಳು. ಮರುದಿನ ತನ್ನ ಪಾಸ್‌ಬುಕ್ಕಿನ ಹಣದಲ್ಲಿ ಒಂದು ಸಣ್ಣ ಕಂದು ಬೆಲ್ಟನ್ನು ಕೊಂಡು ಹಾಕಿಸಿದಳು. ಉಳಿದ ಹಣಕ್ಕೆ ಏನು ಮಾಡುವಳೆಂದು ಇನ್ನೂ ಹೇಳಿಲ್ಲ. ಒಮೇಗಾ ದಿನಕ್ಕೆ ಎಂಟು ಸೆಕೆಂಡು ಮುಂದೆ ಹೋಗುತ್ತದೆ, ಜನತಾ ಅರ್ಧ ನಿಮಿಷ ಹಿಂದೆ ಬೀಳುತ್ತದೆ; ವಾರ ಕಳೆಯುವುದರೊಳಗೆ ಎರಡಕ್ಕೂ ನಾಲ್ಕೂವರೆ ನಿಮಿಷದ ಅಂತರ. ನಮ್ಮ ಮನೆಯಲ್ಲಿ ಈಗ ಊಟದ ಹೊತ್ತು ಜನತಾದ ಪ್ರಕಾರ.